ಅದು ಗೋಣಿಯ ತಪ್ಪಲ್ಲ ಭಾವಾ

ಗುಂಪು: ಮನೆ ಮಂದಿ, ದಾವಣಗೆರೆ

ತಮ್ಮ (ಫೀನಿಕ್ಸ್, ಅಮೆರಿಕ): ಈ ವಿಡಿಯೊ ನೋಡಿ. ಮನೆಯಲ್ಲಿ ಬಿಯರ್ ಮಾಡುವವರು ಸೆಕೆಗಾಲದಲ್ಲಿ ಹುದುಗುವ ಡಬ್ಬ ತಣ್ಣಗಿರಲೆಂದು ಒದ್ದೆ ಬಟ್ಟೆ ಸುತ್ತುವುದು ದಂಡವಂತೆ, ಫ್ರಿಜ್ಜೇ ಬೇಕಂತೆ. ಹಳೇ ಫ್ರಿಜ್ ಒಂದು ನೋಡಿಟ್ಟಿದ್ದೇನೆ.

ದೊಡ್ಡಪ್ಪ: ಮನೆ ಗುಂಪಿನಲ್ಲಿ ಬಿಯರ್ ಮಾತು ಯಾಕಪ್ಪಾ? ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ.

ತಮ್ಮ: ಇಲ್ಲಿ ಮನೆ ಮಟ್ಟಿಗೆ ಮಾಡಿಕೊಳ್ಳಬಹುದು ದೊಡ್ಡಪ್ಪ. 1978ರಲ್ಲೇ ಕಾನೂನು ಬದಲಾಗಿದೆ. ಮಾರುವ ಹಾಗಿಲ್ಲ ಅಷ್ಟೇ.

ಭಾವ (ಮಂಗಳೂರು): ವಿಡಿಯೊದಲ್ಲಿ ಹೇಳಿದ್ದು ಸರಿ. ಕುಡಿಯುವ ನೀರಿನ ಗಡಿಗೆಗೆ ನಾನೇ ಒದ್ದೆ ಗೋಣಿ ಸುತ್ತಿ ನೋಡಿದ್ದೇನೆ. ಗೋಣಿ ಬೂಸಲು ಹಿಡಿಯಿತು, ನೀರು ತಣ್ಣಗಾಗಲಿಲ್ಲ. ಫ್ರಿಜ್ ತಗೋ.

ನಾನು: ಅದು ಗೋಣಿಯ ತಪ್ಪಲ್ಲ ಭಾವಾ, ನಿಮ್ಮೂರ ಗಾಳಿಯದು. ಬಟ್ಟೆಯ ನೀರು ಆರಬೇಕು. ಆರುವಾಗ ಡಬ್ಬದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ನಿಮ್ಮಲ್ಲಿ ಗಾಳಿಯೇ ಒದ್ದೆ, ಇನ್ನು ಬಟ್ಟೆ ಆರುವುದೆಲ್ಲಿ? 33 ಡಿಗ್ರಿ ಬಿಸಿ, 70 ಪರ್ಸೆಂಟ್ ತೇವ ಇದ್ದರೆ ಎಷ್ಟು ಫ್ಯಾನ್ ಹಾಕಿದರೂ ಒದ್ದೆ ಬಟ್ಟೆ 28ರ ಕೆಳಗೆ ಇಳಿಯುವುದಿಲ್ಲ. ನಮ್ಮಲ್ಲಿ ಮಧ್ಯಾಹ್ನ 38 ಡಿಗ್ರಿ ಇದ್ದು ತೇವ 25 ಇದ್ದರೆ 23ರ ತನಕ ಇಳಿಯಬಲ್ಲದು. ಬಿಸಿಲು ನಮ್ಮಲ್ಲಿ ಜಾಸ್ತಿ, ಬಟ್ಟೆ ತಣ್ಣಗಿರುವುದೂ ನಮ್ಮಲ್ಲೇ. ಫೀನಿಕ್ಸ್ ಇನ್ನೂ ಒಣ ಊರು.

ಚಿಕ್ಕಮ್ಮ: ಹೌದು. ನೀರಿನ ಹರವಿ ಕೆಳಗೆ ಮರಳು, ಸುತ್ತ ಒದ್ದೆ ಬಟ್ಟೆ, ಗಾಳಿ ಆಡುವ ಕಡೆ ಇಟ್ಟರೆ ಹಲ್ಲು ಜುಮ್ ಅನ್ನುತ್ತಿತ್ತು. ಮಳೆ ಹಿಡಿದ ಮೇಲೆ ಅಷ್ಟಿಲ್ಲ.

ಭಾವ: ನೀರು ಸುಮ್ನೆ ಇರುತ್ತದೆ. ಬಿಯರ್ ಹುದುಗುವಾಗ ತಾನೇ ಬಿಸಿಯಾಗುತ್ತದೆ ಅಲ್ವಾ?

ನಾನು: ಆಗುತ್ತದೆ. ಜೋರಾಗಿ ಹುದುಗುವಾಗ ಒಳಗೆ ಕೋಣೆಗಿಂತ 3–5 ಡಿಗ್ರಿ ಜಾಸ್ತಿಯೇ ಇರಬಹುದು. ತಮ್ಮಾ, ಹೋದ ಸಲ ತಿನ್ನರ್ ವಾಸನೆ ಬಂತು, ಕುಡಿದರೆ ತಲೆ ಸಿಡಿಯಿತು ಅಂದಿದ್ದೆ. ಎಸಿ 26ಕ್ಕೆ ಇಟ್ಟಿದ್ದೆ ಅಂತ ನಿಶ್ಚಿಂತೆಯಾಗಿದ್ದೆ. ಡಬ್ಬದೊಳಗೆ ಎಷ್ಟಿತ್ತು ಅಂತ ನೋಡಲೇ ಇಲ್ಲ. ನೀನು ಮಾಡುವುದು ಏಲ್, ಅಂದರೆ ತುಸು ಬೆಚ್ಚಗೆ ಹುದುಗುವ ಬಿಯರ್. ಅದನ್ನು ಹುದುಗಿಸುವ ಸಾಮಾನ್ಯ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಹಿತ. ಕೋಣೆ ಅಳೆಯಬೇಡ, ಡಬ್ಬದ ಮೈ ಅಳೆ.

ಚಿಕ್ಕಮ್ಮ: ಬೆಣ್ಣೆ ದೋಸೆ ಹಿಟ್ಟೂ ಹಾಗೇ. ಮಂಡಕ್ಕಿ ಹಾಕಿ ರುಬ್ಬಿದ್ದು ಚಳಿಯಲ್ಲಿ ಉಬ್ಬಲು ಬೆಳಗಿನ ತನಕ ಕಾಯಬೇಕು. ಏಪ್ರಿಲ್‌ನಲ್ಲಿ ಮಲಗುವ ಹೊತ್ತಿಗೇ ಉಕ್ಕಿ ಕಟ್ಟೆ ಮೇಲೆ ಹರಿದಿರುತ್ತದೆ. ನಾನು ಪಾತ್ರೆಯನ್ನು ನೀರು ತುಂಬಿದ ಬೋಗುಣಿಯಲ್ಲಿ ಇಡುತ್ತೇನೆ.

ತಮ್ಮ: ಅಕ್ಕಾ, ನಾನು ಹತ್ತು ಗಂಟೆ ಆಫೀಸಿನಲ್ಲಿ ಇರುತ್ತೇನೆ. ಬಟ್ಟೆ ಒಣಗಿದರೆ ನೀರು ಹಾಕುವವರು ಯಾರು?

ನಾನು: ಚಿಕ್ಕಮ್ಮನ ಬೋಗುಣಿ ಹಾಕುತ್ತದೆ. ದೊಡ್ಡ ಟಬ್‌ನಲ್ಲಿ ನೀರು ತುಂಬು, ಅದರೊಳಗೆ ಡಬ್ಬ ಇಡು. ಹಳೇ ಟೀ ಶರ್ಟ್ ತೊಡಿಸು, ಅಂಚು ನೀರಿಗೆ ಮುಳುಗಿರಲಿ. ಬಟ್ಟೆ ತಾನೇ ನೀರು ಮೇಲಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಿಂದ ಫ್ಯಾನ್ ಬಿಡು. ಬೆಳಿಗ್ಗೆ ಒಂದು, ರಾತ್ರಿ ಒಂದು ಐಸ್ ಬಾಟಲಿ ಟಬ್‌ಗೆ ಹಾಕು. 1 ಕೆಜಿ ಐಸ್ ಕರಗಿದರೆ 20 ಲೀಟರ್ 4 ಡಿಗ್ರಿ ಇಳಿಯುವಷ್ಟು ಬಿಸಿ ಹೀರುತ್ತದೆ. ಟಬ್ ನೀರೂ ಪಾಲು ಕೇಳುತ್ತದೆ, ಹಾಗಾಗಿ ಡಬ್ಬ ಅದಕ್ಕಿಂತ ಕಡಿಮೆ ಇಳಿಯುತ್ತದೆ ಅಂದುಕೋ. ಒಮ್ಮೆಲೇ ನಾಲ್ಕೈದು ಬಾಟಲಿ ಸುರಿಯಬೇಡ, ಯೀಸ್ಟ್ ಮುದುಡಿ ತಳ ಸೇರುತ್ತದೆ.

ಇನ್ನೊಂದು ಮಾತು. ಕುದಿಸಿದ್ದು ಪೂರ್ತಿ ತಣ್ಣಗಾದ ಮೇಲೇ ಯೀಸ್ಟ್ ಹಾಕು. ಮೊದಲ ಮೂರು ದಿನ ಕಣ್ಣಿಟ್ಟಿರು, ರುಚಿ ಕೆಡುವುದು ಹೆಚ್ಚಾಗಿ ಆಗಲೇ. ಆಮೇಲೆ ತುಸು ಬಿಸಿಯಾದರೂ ಪರವಾಗಿಲ್ಲ.

ಭಾವ: ಜುಲೈ, ಆಗಸ್ಟ್‌ನಲ್ಲಿ ಅವರಿಗೂ ಮಳೆಗಾಲ. ಆಗ ನಿನ್ನ ಟೀ ಶರ್ಟ್ ಏನು ಮಾಡುತ್ತದಮ್ಮಾ?

ನಾನು: ಆಗ ಅದರ ಬಲ ಕಡಿಮೆ, ಒಪ್ಪುತ್ತೇನೆ. ಐಸ್ ಹೆಚ್ಚಿಸಬೇಕು. ಇಲ್ಲವೇ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್ ತರಿಸಬೇಕು, ಅದು 35 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಲಾಗರ್, ಅಂದರೆ ತಣ್ಣಗೆ ಹುದುಗುವ ಬಿಯರ್, ಮಾಡುವುದಾದರೆ ಮಾತ್ರ ಫ್ರಿಜ್ ಬೇಕೇ ಬೇಕು, ಅದಕ್ಕೆ 10ರ ಆಸುಪಾಸು ಬೇಕಲ್ಲ. ಅವನು ಮಾಡುತ್ತಿರುವುದು ಏಲ್. ಅದಕ್ಕೆ ಈಗಲೇ ಯಾಕೆ ದುಡ್ಡು ಸುರಿಯಬೇಕು?

ಭಾವ: ಅಳೆದು ತೋರಿಸಲಿ. ಆಮೇಲೆ ನಂಬುತ್ತೇನೆ.

(ಮೂರನೇ ದಿನ)

ತಮ್ಮ: ಕೋಣೆ 27. ಡಬ್ಬದ ಮೈ 20. ಒಂದೇ ಐಸ್ ಬಾಟಲಿ ಭಾವಾ. ಫೋಟೊ ಹಾಕಿದ್ದೇನೆ.

ಚಿಕ್ಕಮ್ಮ: ಆ ಟೀ ಶರ್ಟ್ ಒಗೆದು ಹಾಕಪ್ಪಾ. ದಿನಾ ಒದ್ದೆ ಇದ್ದರೆ ನಾರುತ್ತದೆ.

ದೊಡ್ಡಪ್ಪ: ಹರವಿ ಇನ್ನೂ ಅಟ್ಟದ ಮೇಲಿದೆ. ನಾಳೆ ಇಳಿಸುತ್ತೇನೆ. ಮರಳು ಯಾರು ತರುತ್ತೀರಿ?