ಬ್ರೌನ್ಸ್‌ಗೆ ಒಳ್ಳೆ ಕ್ವಾರ್ಟರ್‌ಬ್ಯಾಕ್ ಸಿಗುತ್ತಿಲ್ಲವಾ, ಇಲ್ಲಾ ಮಾಲೀಕರಿಗೆ ಕಾಯೋಕೆ ಆಗುತ್ತಿಲ್ಲವಾ?

ಬೆಣ್ಣೆನಗರಿ_ಹುಡುಗ (ದಾವಣಗೆರೆ):

ಇಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುವವರು ನಾಲ್ಕೈದು ಜನ ಇದ್ದೀರಿ ಅಂತ ಹಳೇ ಪೋಸ್ಟ್‌ಗಳಿಂದ ಗೊತ್ತಾಯ್ತು, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಗೊತ್ತಿಲ್ಲದವರಿಗೆ, ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಆಟ ನಡೆಸುವವನು. ಚಿಕ್ಕಪ್ಪನ ಮಗ ಅಲ್ಲೇ ಪಕ್ಕದ ಪಾರ್ಮಾದಲ್ಲಿ ಕೆಲಸದಲ್ಲಿದ್ದಾನೆ, ಹುಚ್ಚು ಹಿಡಿಸಿದ್ದು ಅವನೇ. 2021ರ ಜನವರಿ 11, ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲು. ಅಮ್ಮ ಮಂಡಕ್ಕಿ ನೆನೆಸಿ ಹಿಂಡಿ ಹಿಂಡಿ ತಟ್ಟೆಗೆ ಹಾಕುತ್ತಿದ್ದರು, ನಾನು ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದೆ. ಪಿಟ್ಸ್‌ಬರ್ಗ್‌ನ ಸ್ಟೀಲರ್ಸ್ ಜೊತೆ ಪ್ಲೇಆಫ್. ನಮ್ಮ ಕೋಚ್ ಕೆವಿನ್ ಸ್ಟೆಫಾನ್ಸ್ಕಿಗೆ ಕೋವಿಡ್, ಪಾಪ ಅವರು ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದರು. ಮೊದಲನೇ ಚೆಂಡೇ ಸ್ಟೀಲರ್ಸ್ ಕ್ವಾರ್ಟರ್‌ಬ್ಯಾಕ್ ರಾಥ್ಲಿಸ್‌ಬರ್ಗರ್ ತಲೆ ಮೇಲಿಂದ ಹಾರಿ ಅವರದೇ ಎಂಡ್ ಝೋನ್‌ಗೆ (ಮೈದಾನದ ತುದಿಯ ಪಟ್ಟಿ) ಉರುಳಿತು, ನಮ್ಮವನೊಬ್ಬ ಹೋಗಿ ಅದರ ಮೇಲೆ ಬಿದ್ದ. ಟಚ್‌ಡೌನ್, ಆರು ಅಂಕ! ಮೊದಲ ಕ್ವಾರ್ಟರ್ ಮುಗಿಯುವಾಗ 28-0. ಕೊನೆಗೆ 48-37. 1994ರ ಸೀಸನ್ ಆದಮೇಲೆ ಬ್ರೌನ್ಸ್ ಪ್ಲೇಆಫ್ ಗೆದ್ದಿದ್ದು ಅವತ್ತೇ. ನಾನು ಕಿರುಚಿದ ಸದ್ದಿಗೆ ಅಮ್ಮನ ಕೈಯಿಂದ ಒಗ್ಗರಣೆ ಸೌಟು ಬಿತ್ತು.

ಅದಾಗಿ ಐದು ವರ್ಷ. ಅವತ್ತು ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ನನ್ನು ಕಳಿಸಿ, ಡೆಶಾನ್ ವಾಟ್ಸನ್‌ನನ್ನು ತಂದು, ಅದೂ ಕೈಕೊಟ್ಟು, 2024ರಲ್ಲಿ 3-14 (3 ಗೆಲುವು, 14 ಸೋಲು), 2025ರಲ್ಲಿ 5-12. 2026ರ ಜನವರಿಯಲ್ಲಿ ಸ್ಟೆಫಾನ್ಸ್ಕಿಯನ್ನೂ ತೆಗೆದರು, ಎರಡು ಸಲ ವರ್ಷದ ಕೋಚ್ ಪ್ರಶಸ್ತಿ ಪಡೆದವರನ್ನು. ಅದೇ ಸೀಸನ್‌ನಲ್ಲಿ ಮೈಲ್ಸ್ ಗ್ಯಾರೆಟ್ 23 ಸ್ಯಾಕ್ ಮಾಡಿ (ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಲೀಗ್ ದಾಖಲೆ ಮುರಿದ. ಅಂಥ ಆಟಗಾರ ಇದ್ದೂ ಐದೇ ಗೆಲುವು ಅಂದರೆ ಹೊಟ್ಟೆ ಉರಿಯುತ್ತದೆ.

1999ರಿಂದ ಈಚೆಗೆ 40ಕ್ಕೂ ಜಾಸ್ತಿ ಜನ ಈ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಶುರು ಮಾಡಿದ್ದಾರೆ. ಇಷ್ಟು ಜನರಲ್ಲಿ ಒಬ್ಬನೂ ನಿಲ್ಲಲಿಲ್ಲ ಅಂದರೆ ತಪ್ಪು ಆರಿಸುವವರದ್ದಾ, ಮಾಲೀಕ ಜಿಮ್ಮಿ ಹ್ಯಾಸ್ಲಮ್ ಅವರದ್ದಾ? ಈಗ ಶೆಡ್ಯೂರ್ ಸ್ಯಾಂಡರ್ಸ್‌ಗೆ ಇನ್ನೊಂದು ವರ್ಷ ಕೊಡಬೇಕಾ, ಅಥವಾ ಕೈಯಲ್ಲಿರುವ 2026ರ ಎರಡು ಮೊದಲ ಸುತ್ತಿನ ಪಿಕ್‌ಗಳಲ್ಲಿ (ಹೊಸ ಆಟಗಾರರನ್ನು ಆರಿಸುವ ಸರದಿ) ಮತ್ತೊಬ್ಬನನ್ನು ತರಬೇಕಾ?

ಕೋಟೆ_ಮೇಲಿನ_ಗಾಳಿ (ಚಿತ್ರದುರ್ಗ):

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಒಂದೇ ಒಂದು ಪಿಕ್‌ನಲ್ಲಿದೆ, 2017ರ 12ನೇ ಪಿಕ್.

ಐಪಿಎಲ್ ಮಾತ್ರ ನೋಡುವವರು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಇಲ್ಲಿ ಹರಾಜು ಇಲ್ಲ. ಕಾಲೇಜಿಂದ ಬರುವ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಕಳೆದ ವರ್ಷ ಕೊನೆಗೆ ಬಿದ್ದವರಿಗೆ ಮೊದಲ ಸರದಿ. ಆ ಹುಡುಗರ ಸಂಬಳಕ್ಕೆ ಮಿತಿ ಇದೆ, ನಾಲ್ಕು ವರ್ಷ ಕಡಿಮೆ ದುಡ್ಡಿಗೆ ಆಡುತ್ತಾರೆ. ಇಡೀ ತಂಡದ ಸಂಬಳಕ್ಕೂ ಒಂದು ಮೇಲ್ಮಿತಿ ಇದೆ. ಹಾಗಾಗಿ ಮೊದಲ ಸುತ್ತಿನ ಪಿಕ್ ಅಂದರೆ ನೀರಾವರಿ ಜಮೀನು ಇದ್ದ ಹಾಗೆ, ಅದನ್ನು ಸುಮ್ನೆ ಯಾರೂ ಮಾರುವುದಿಲ್ಲ.

2017ರಲ್ಲಿ ಬ್ರೌನ್ಸ್ ಹತ್ತಿರ 12ನೇ ಪಿಕ್ ಇತ್ತು. ವಾಟ್ಸನ್ ಇನ್ನೂ ಉಳಿದಿದ್ದ. ಬ್ರೌನ್ಸ್ ಆ ಸರದಿಯನ್ನು ಹ್ಯೂಸ್ಟನ್ ಟೆಕ್ಸಾನ್ಸ್‌ಗೆ ಮಾರಿತು, ಟೆಕ್ಸಾನ್ಸ್ ಅದರಲ್ಲೇ ವಾಟ್ಸನ್‌ನನ್ನು ಆರಿಸಿಕೊಂಡಿತು. ನಮ್ಮವರು ಎರಡನೇ ಸುತ್ತಿನಲ್ಲಿ ಡಿಶೋನ್ ಕೈಜರ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು, ಅವನನ್ನು 15 ಪಂದ್ಯ ಆಡಿಸಿದರು, 15ರಲ್ಲೂ ಸೋಲು. ಆ ವರ್ಷ 0-16. ಐದು ವರ್ಷ ಆದಮೇಲೆ, 2022ರ ಮಾರ್ಚ್‌ನಲ್ಲಿ, ಅದೇ ವಾಟ್ಸನ್‌ಗಾಗಿ ಅದೇ ಟೆಕ್ಸಾನ್ಸ್‌ಗೆ ಮೂರು ಮೊದಲ ಸುತ್ತಿನ ಪಿಕ್ ಸೇರಿ ಒಟ್ಟು ಆರು ಪಿಕ್ ಕೊಟ್ಟರು. ಮೇಲೆ ಐದು ವರ್ಷಕ್ಕೆ 23 ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ಆಡಿದರೂ ಕೊಡಬೇಕು, ಆಡದಿದ್ದರೂ ಕೊಡಬೇಕು. ಆ ವರ್ಷ ಇಡೀ ತಂಡದ ಸಂಬಳದ ಮಿತಿಯೇ 20.82 ಕೋಟಿ ಡಾಲರ್ ಇತ್ತು, ಲೆಕ್ಕ ಹಾಕಿ ನೋಡು. ಮೊದಲ ಮೂರು ಸೀಸನ್‌ನಲ್ಲಿ ವಾಟ್ಸನ್ ಆಡಿದ್ದು 19 ಪಂದ್ಯ, ಗೆದ್ದಿದ್ದು 9. ಮೊದಲು ಭುಜ, ಆಮೇಲೆ ಹಿಮ್ಮಡಿ ನರ, ಅದೂ ಎರಡೆರಡು ಸಲ ಹರಿಯಿತು. 2025ರಲ್ಲಿ ಒಂದು ಪಂದ್ಯವೂ ಇಲ್ಲ.

ಅತ್ತ ಟೆಕ್ಸಾನ್ಸ್ ನಾವು ಕೊಟ್ಟ ಪಿಕ್‌ಗಳಲ್ಲಿ ಒಂದನ್ನು ಸೇರಿಸಿ ಸರದಿಯಲ್ಲಿ ಮೇಲಕ್ಕೆ ಹೋಗಿ ವಿಲ್ ಆಂಡರ್ಸನ್ ಅನ್ನುವ ಡಿಫೆನ್ಸ್ ಆಟಗಾರನನ್ನು ತಂದುಕೊಂಡಿತು. 2024ರ ಜನವರಿಯಲ್ಲಿ ಪ್ಲೇಆಫ್‌ನಲ್ಲಿ ನಮ್ಮನ್ನು 45-14ರಿಂದ ಹೊಡೆದಿದ್ದು ಅದೇ ಟೆಕ್ಸಾನ್ಸ್. ಆ ರಾತ್ರಿ ನಾನು ಪೂರ್ತಿ ನೋಡಿದೆ. ಮೂರನೇ ಕ್ವಾರ್ಟರ್‌ನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ ಎಸೆದ ಎರಡು ಚೆಂಡನ್ನು ಹಿಡಿದು ಅವರು ಓಡಿಹೋಗಿ ಟಚ್‌ಡೌನ್ ಮಾಡಿದಾಗ ಟಿವಿ ಆಫ್ ಮಾಡೋಣ ಅನ್ನಿಸಿತು, ಮಾಡಲಿಲ್ಲ.

ಇದನ್ನು ತರಬೇತುದಾರರ ಮೇಲೆ ಹಾಕಲಾಗದು. ಇಷ್ಟು ದೊಡ್ಡ ಚೆಕ್‌ಗೆ ಸಹಿ ಹಾಕುವುದು ಮಾಲೀಕರೇ. ಹ್ಯಾಸ್ಲಮ್ 2025ರಲ್ಲಿ ತಾವೇ ಒಪ್ಪಿಕೊಂಡರು, ಆ ವ್ಯವಹಾರ ಪೂರ್ತಿ ಕೈತಪ್ಪಿತು, ಹೊಣೆ ನಮ್ಮದು ಅಂತ. ಒಪ್ಪಿಕೊಂಡಿದ್ದಕ್ಕೆ ಗೌರವ ಇದೆ. ಆದರೆ ವಾಪಸ್ ಬಂತಾ ಆ ಪಿಕ್‌ಗಳು?

ವಿದ್ಯಾನಗರ_ಓದುಗಿ (ದಾವಣಗೆರೆ):

ಅಣ್ಣಾ, ಲೆಕ್ಕ ಎಲ್ಲ ಸರಿ ಹೇಳಿದ್ದೀರಿ. ಆದರೆ ಒಂದು ವಿಷಯ ಪೂರ್ತಿ ಬಿಟ್ಟಿದ್ದೀರಿ, ಅದೇ ನನಗೆ ದೊಡ್ಡದು.

ವಾಟ್ಸನ್‌ನನ್ನು ತರುವಾಗ ಅವನ ಮೇಲೆ 22 ಹೆಂಗಸರು ಲೈಂಗಿಕ ದೌರ್ಜನ್ಯದ ಸಿವಿಲ್ ಕೇಸ್ ಹಾಕಿದ್ದರು. ಮಸಾಜ್ ಮಾಡುವ ಕೆಲಸದವರು, ದುಡಿದು ತಿನ್ನುವವರು. ಟೆಕ್ಸಾಸ್‌ನ ಗ್ರ್ಯಾಂಡ್ ಜ್ಯೂರಿಗಳು (ಆರೋಪ ಹೊರಿಸಬೇಕಾ ಅಂತ ನಿರ್ಧರಿಸುವ ನಾಗರಿಕರ ಮಂಡಳಿ) ಕ್ರಿಮಿನಲ್ ಆರೋಪ ಹೊರಿಸಲಿಲ್ಲ, ಅವನೂ ತಾನು ತಪ್ಪು ಮಾಡಿಲ್ಲ ಎಂದೇ ಹೇಳಿದ, ಎಲ್ಲ ನಿಜ. ಆದರೆ ಲೀಗ್ 11 ಪಂದ್ಯ ಅಮಾನತು ಮಾಡಿ 50 ಲಕ್ಷ ಡಾಲರ್ ದಂಡ ಹಾಕಿತು.

ನನಗೆ ಚುಚ್ಚಿದ್ದು ಒಪ್ಪಂದದ ಒಂದು ಸಾಲು. ಮೊದಲ ವರ್ಷದ ಮೂಲ ಸಂಬಳವನ್ನು ಬರೀ 10 ಲಕ್ಷ ಡಾಲರ್ ಚಿಲ್ಲರೆ ಅಂತ ಇಟ್ಟಿದ್ದರು. ಅಮಾನತಾದಾಗ ಕಟ್ ಆಗುವುದು ಮೂಲ ಸಂಬಳ. ಅಂದರೆ ಎಷ್ಟು ಪಂದ್ಯ ಹೊರಗೆ ಕೂತರೂ ಜೇಬಿಗೆ ಜಾಸ್ತಿ ಪೆಟ್ಟು ಬೀಳದ ಹಾಗೆ ಆಯ್ತು. ಆ ಕೋಣೆಯಲ್ಲಿ ಕೂತವರು ಆ ಹೆಂಗಸರ ಬಗ್ಗೆ ಎಷ್ಟು ಯೋಚಿಸಿದರು, ಕ್ವಾರ್ಟರ್‌ಬ್ಯಾಕ್ ದುಡ್ಡಿನ ಬಗ್ಗೆ ಎಷ್ಟು ಯೋಚಿಸಿದರು ಅಂತ ಆ ಒಂದು ಅಂಕಿಯಲ್ಲೇ ಕಾಣುತ್ತದೆ.

ನಾನು ಅವತ್ತಿಂದ ಬ್ರೌನ್ಸ್ ನೋಡುವುದು ಬಿಟ್ಟೆ. ಅವನು ಗೆದ್ದಿದ್ದರೆ ಎಲ್ಲರೂ ಮಾಲೀಕರನ್ನು ಜಾಣ ಅನ್ನುತ್ತಿದ್ದರು ಅಲ್ವಾ? ಅದು ನನಗೆ ತಡೆಯಲಾಗದ ವಿಷಯ. ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿದ್ದರೂ ಅದು ಕೆಟ್ಟ ನಿರ್ಧಾರವೇ.

ರನ್‌ರೇಟ್_77 (ದಾವಣಗೆರೆ):

ಅಕ್ಕ ಹೇಳಿದ್ದು ಒಪ್ಪುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆಟದ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಬೇರೆ ಹೇಳಬೇಕು.

ಮಾಲೀಕರು ದುಡ್ಡು ಬಿಚ್ಚದವರಲ್ಲ. 2018ರಲ್ಲಿ ಮೊದಲ ಪಿಕ್‌ನಲ್ಲಿ ಮೇಫೀಲ್ಡ್ ಬಂದ. ಅದೇ ವರ್ಷ ಮುಂದೆ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಾದ ಜಾಶ್ ಆ್ಯಲನ್ 7ನೇ, ಲಮಾರ್ ಜಾಕ್ಸನ್ 32ನೇ ಪಿಕ್. ಜಾಕ್ಸನ್‌ನನ್ನು ಆಗ ಹೆಚ್ಚುಕಡಿಮೆ ಎಲ್ಲ ತಂಡಗಳೂ ಬಿಟ್ಟಿದ್ದವು, ಬ್ರೌನ್ಸ್ ಒಂದೇ ಅಲ್ಲ. ಇನ್ನೊಬ್ಬ ದೊಡ್ಡ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು 2017ರಲ್ಲಿ ಒಂಬತ್ತು ಪಿಕ್‌ಗಳಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. 2017ರಲ್ಲಿ 12ನೇ ಪಿಕ್ ಮಾರಿ ಬಂದದ್ದರಲ್ಲೇ ಮುಂದಿನ ವರ್ಷ ಡೆಂಜಲ್ ವಾರ್ಡ್ ಸಿಕ್ಕ, ಅವನು ಈಗಲೂ ಒಳ್ಳೆ ಆಟಗಾರ. ಅದೃಷ್ಟವೂ ಬೇಕು.

ಆದರೆ ಮೇಫೀಲ್ಡ್ ವಿಷಯದಲ್ಲಿ ಅದೃಷ್ಟ ಅನ್ನಲಾರೆ. 2021ರಲ್ಲಿ ಅವನು ಎಡ ಭುಜ ಹರಿದುಕೊಂಡು, ಪಟ್ಟಿ ಕಟ್ಟಿಕೊಂಡು ಸೀಸನ್ ಎಳೆದ. ತಂಡ 8-9. ಒಂದು ಕೆಟ್ಟ ವರ್ಷ, ಅದೂ ಗಾಯದ ವರ್ಷ. ಅಷ್ಟಕ್ಕೇ ಕೈಬಿಟ್ಟರು. ಅವನು ಟ್ಯಾಂಪಾ ಬೇ ತಂಡಕ್ಕೆ ಹೋಗಿ 2023, 2024 ಎರಡು ವರ್ಷವೂ ಡಿವಿಷನ್ (ಲೀಗ್‌ನೊಳಗಿನ ನಾಲ್ಕು ತಂಡಗಳ ಗುಂಪು) ಗೆಲ್ಲಿಸಿದ, 2024ರಲ್ಲಿ 41 ಟಚ್‌ಡೌನ್ ಎಸೆದ.

ನಮ್ಮ ಆರ್‌ಸಿಬಿ ನೆನಪು ಮಾಡಿಕೊಳ್ಳಿ. 2008ರಲ್ಲಿ ಸೋತ ಕೂಡಲೇ ಸೀಸನ್ ನಡುವೆಯೇ ಸಿಇಒ ತೆಗೆದರು, ಮುಂದಿನ ವರ್ಷ ದ್ರಾವಿಡ್ ಕೈಯಿಂದ ನಾಯಕತ್ವ ಪೀಟರ್‌ಸನ್‌ಗೆ ಹೋಯಿತು. ಆದರೆ ಅದೇ 2008ರಲ್ಲಿ ಬಂದ ಕೊಹ್ಲಿಯನ್ನು ಯಾರೂ ಅಲ್ಲಾಡಿಸಲಿಲ್ಲ. ರನ್ ಬರದ ವರ್ಷಗಳೂ ಇದ್ದವು, ಕಪ್ ಬರದ ವರ್ಷಗಳಂತೂ ಹದಿನೇಳು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ 6 ರನ್‌ನಿಂದ ಗೆದ್ದಾಗ ಅದೇ ಕೊಹ್ಲಿ ಮೈದಾನದಲ್ಲಿದ್ದ. ನಮ್ಮೂರ ವಿನಯ್ ಕುಮಾರ್ ಕರ್ನಾಟಕ ತಂಡವನ್ನು ಸತತ ಎರಡು ಸಲ, 2013-14 ಮತ್ತು 2014-15ರಲ್ಲಿ, ರಣಜಿ ಗೆಲ್ಲಿಸಿದ್ದೂ ತಂಡ ಅದೇ ಇದ್ದು ಪಕ್ವ ಆಗಿದ್ದಕ್ಕೆ.

ಹಳೇ_ಮಿಲ್_ಗೇಟ್ (ದಾವಣಗೆರೆ):

ನಾನು ನಿಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವನು. ಮಗಳು ಒಹಾಯೊದಲ್ಲಿದ್ದಾಳೆ, ಅವಳ ಮನೆಗೆ ಹೋದಾಗ ಈ ಆಟ ಕಲಿತೆ. ಮಾಲೀಕರ ಬಗ್ಗೆ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮಪ್ಪ ಇಲ್ಲಿ ಒಂದು ಹತ್ತಿ ಮಿಲ್‌ನಲ್ಲಿ ಜಾಬರ್, ಅಂದರೆ ಮೇಸ್ತ್ರಿ, ಆಗಿದ್ದರು. ನೂಲು ಪದೇ ಪದೇ ಹರಿಯುತ್ತಿದ್ದರೆ ಅಪ್ಪ ಫ್ರೇಮ್ ಮೇಲೆ ಅಂಗೈ ಇಟ್ಟು ಸುಮ್ನೆ ನಿಲ್ಲುತ್ತಿದ್ದರು, ಅದುರು ನೋಡಿಯೇ ಎಲ್ಲಿ ಎಡವಟ್ಟು ಅಂತ ಹೇಳುತ್ತಿದ್ದರು. ಕೊನೆ ಕೊನೆಗೆ ಮಾಲೀಕರು ವರ್ಷಕ್ಕೊಬ್ಬ ಮ್ಯಾನೇಜರ್ ತರಲು ಶುರು ಮಾಡಿದರು. ಬಂದವನು ಹಿಂದಿನವನು ಕೂರಿಸಿದ್ದನ್ನೆಲ್ಲ ಬಿಚ್ಚಿಸುವನು. ಅದು ಹೊಂದಿಕೊಳ್ಳುವಷ್ಟರಲ್ಲಿ ಇವನೂ ಹೋಗಿರುತ್ತಿದ್ದ. ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಜಗಲಿ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು, ಮಿಷನ್ ಕೆಟ್ಟಿಲ್ಲ ಕಣೋ, ಅದನ್ನು ಓಡೋಕೆ ಬಿಡುತ್ತಿಲ್ಲ ಅಂತ. ಮಿಲ್ ಮುಚ್ಚಿತು.

ಹ್ಯಾಸ್ಲಮ್ 2012ರಲ್ಲಿ ಸುಮಾರು 100 ಕೋಟಿ ಡಾಲರ್‌ಗೆ ತಂಡ ಕೊಂಡರು. 2013ರಲ್ಲಿ ಕೋಚ್ ಚುಡ್ಜಿನ್ಸ್ಕಿ, ಒಂದೇ ವರ್ಷ. ಆಮೇಲೆ ಪೆಟೈನ್ ಎರಡು ವರ್ಷ. ಹ್ಯೂ ಜಾಕ್ಸನ್ ಎರಡೂವರೆ ವರ್ಷ, ಆ ಮನುಷ್ಯ ಗೆದ್ದಿದ್ದು ಮೂರೇ ಪಂದ್ಯ. ಕಿಚನ್ಸ್ ಒಂದು ವರ್ಷ. ಪ್ರತಿ ಕೋಚ್ ಜೊತೆ ಹೊಸ ಆಟದ ಪುಸ್ತಕ, ಆ ಪುಸ್ತಕಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್. ಇಪ್ಪತ್ತೆರಡು ವರ್ಷದ ಹುಡುಗ ಒಂದು ಭಾಷೆ ಕಲಿಯುವಷ್ಟರಲ್ಲಿ ಭಾಷೆಯೇ ಬದಲಾದರೆ ಅವನು ಏನು ಮಾತಾಡಬೇಕು? ಸ್ಟೆಫಾನ್ಸ್ಕಿ ಆರು ವರ್ಷ ಉಳಿದರು, ಈ ಮಾಲೀಕರ ಕಾಲದಲ್ಲಿ ಇದೇ ಜಾಸ್ತಿ. ಪಕ್ಕದ ಪಿಟ್ಸ್‌ಬರ್ಗ್‌ನಲ್ಲಿ 1933ರಿಂದ ರೂನಿ ಮನೆತನದ್ದೇ ತಂಡ. 1969ರಿಂದ 2025ರ ಸೀಸನ್ ತನಕ ಕೋಚ್‌ಗಳು ಮೂರೇ ಜನ. ಅವರಿಗೆ ಆರು ಸೂಪರ್ ಬೌಲ್ ಇದೆ, ಇವರು ಆ ಪಂದ್ಯದ ಅಂಗಳಕ್ಕೇ ಕಾಲಿಟ್ಟಿಲ್ಲ.

ಹಳೇ ಮಾಲೀಕ ಆರ್ಟ್ ಮೊಡೆಲ್ ಇನ್ನೂ ದೊಡ್ಡ ಗಾಯ ಮಾಡಿದವರು. 1995ರ ನವೆಂಬರ್ 6ಕ್ಕೆ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುತ್ತೇನೆ ಅಂದರು. ಮರುದಿನವೇ ಅಲ್ಲಿನ ಜನ ಸ್ಟೇಡಿಯಂ ರಿಪೇರಿಗೆ ತೆರಿಗೆ ಕಟ್ಟುತ್ತೇವೆ ಅಂತ ಮತ ಹಾಕಿದ್ದರು. ಆದರೂ ಹೋಯಿತು. ಊರಲ್ಲಿ ಆಡಿದ ಕೊನೇ ಪಂದ್ಯದಲ್ಲಿ ಜನ ಕೂತಿದ್ದ ಬೆಂಚುಗಳನ್ನೇ ಕಿತ್ತು ಮೈದಾನಕ್ಕೆ ಎಸೆದರಂತೆ. ಬಾಲ್ಟಿಮೋರ್‌ಗೆ ಹೋದ ತಂಡ ಐದೇ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು. ಕ್ಲೀವ್‌ಲ್ಯಾಂಡ್‌ಗೆ 1999ರಲ್ಲಿ ಸಿಕ್ಕಿದ್ದು ಹೆಸರು, ಬಣ್ಣ, ಮೊದಲಿಂದ ಕಟ್ಟಬೇಕಾದ ತಂಡ. ಈಗ ಹ್ಯಾಸ್ಲಮ್ ಕೂಡ ಸ್ಟೇಡಿಯಂ ಅನ್ನು ಊರ ನಡುವಿಂದ ತೆಗೆದು ಏರ್‌ಪೋರ್ಟ್ ಪಕ್ಕದ ಬ್ರೂಕ್ ಪಾರ್ಕ್‌ಗೆ ಒಯ್ಯುತ್ತಿದ್ದಾರೆ, 240 ಕೋಟಿ ಡಾಲರ್ ಯೋಜನೆ, ಅದರಲ್ಲಿ 60 ಕೋಟಿ ರಾಜ್ಯ ಸರ್ಕಾರದ್ದು. ಇಷ್ಟು ಪ್ರೀತಿ ಮಾಡುವ ಊರಿಗೆ ಮೊದಲು ಒಂದು ನೆಟ್ಟಗಿನ ತಂಡ ಕೊಡಿ ಅನ್ನುವುದು ನನ್ನ ಮಾತು.

ಕೋಟೆ_ಮೇಲಿನ_ಗಾಳಿ (ಚಿತ್ರದುರ್ಗ):

ಮಿಲ್ ಗೇಟ್ ಯಜಮಾನರೇ, ನಿಮ್ಮ ತಂದೆಯವರ ಮಾತು ಓದಿ ನನ್ನ ಉತ್ತರ ತಿದ್ದಿಕೊಳ್ಳಬೇಕು ಅನ್ನಿಸಿತು. ನಾನು ಒಂದು ವ್ಯವಹಾರ ಹಿಡಿದುಕೊಂಡಿದ್ದೆ. ನೀವು ಹೇಳಿದ್ದು ಅದಕ್ಕಿಂತ ಕೆಳಗಿನ ಬೇರು.

ಒಂದು ಸೇರಿಸುತ್ತೇನೆ. ಗ್ರೀನ್ ಬೇ ಊರಿನ ಜನ ಲಕ್ಷದ ಆಸುಪಾಸು, ನಮ್ಮ ದುರ್ಗಕ್ಕಿಂತ ಚಿಕ್ಕದು. ಅಲ್ಲಿನ ಪ್ಯಾಕರ್ಸ್‌ಗೆ ಒಬ್ಬ ಮಾಲೀಕ ಅಂತಲೇ ಇಲ್ಲ, ಷೇರು ಜನರ ಕೈಯಲ್ಲಿದೆ. 2005ರಲ್ಲಿ ಆ್ಯರನ್ ರಾಜರ್ಸ್‌ನನ್ನು ತಂದು ಮೂರು ವರ್ಷ ಹಳೇ ಕ್ವಾರ್ಟರ್‌ಬ್ಯಾಕ್ ಫಾವ್ರ್ ಹಿಂದೆ ಕೂರಿಸಿದರು. 2020ರಲ್ಲಿ ಜೋರ್ಡನ್ ಲವ್‌ನನ್ನು ತಂದು ಮತ್ತೆ ಮೂರು ವರ್ಷ ರಾಜರ್ಸ್ ಹಿಂದೆ ಕೂರಿಸಿದರು. ಬೈಗುಳ ತಿಂದರು, ಕೂರಿಸಿಯೇ ಕೂರಿಸಿದರು.

ಸ್ಯಾಂಡರ್ಸ್ ಬಗ್ಗೆ ಕೇಳಿದೆಯಲ್ಲ ತಮ್ಮಾ. ಐದನೇ ಸುತ್ತಿನ ಹುಡುಗ, ಏಳು ಪಂದ್ಯ ಶುರು ಮಾಡಿ ಮೂರು ಗೆದ್ದ, ಅದರಲ್ಲಿ ಸ್ಟೀಲರ್ಸ್ ಮೇಲೆ 13-6 ಒಂದು. ಅವನು ದೊಡ್ಡ ಆಟಗಾರ ಆಗುತ್ತಾನೆ ಅಂತ ಏಳು ಪಂದ್ಯದಲ್ಲಿ ಹೇಳಲಾಗದು, ಆಗುವುದಿಲ್ಲ ಅಂತಲೂ ಹೇಳಲಾಗದು. ನನ್ನ ಪ್ರಕಾರ ಎರಡು ಪಿಕ್‌ನಲ್ಲಿ ಒಂದಾದರೂ ಅವನ ಮುಂದೆ ನಿಂತು ತಡೆಯುವವರಿಗೆ ಹೋಗಬೇಕು. ಎಸೆಯುವವನಿಗೆ ಮೂರು ಸೆಕೆಂಡ್ ಸಿಗದಿದ್ದರೆ ಯಾರು ಬಂದರೂ ಅಷ್ಟೇ.

ಬೆಣ್ಣೆನಗರಿ_ಹುಡುಗ (ದಾವಣಗೆರೆ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿದ್ಯಾನಗರದ ಅಕ್ಕಾ, ನೀವು ಹೇಳಿದ ಸಂಬಳದ ಸಾಲು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಪಾರ್ಮಾದ ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದಕ್ಕೇ ಕಣೋ ನಾನು ವಾಟ್ಸನ್ ಜೆರ್ಸಿ ಕೊಳ್ಳಲಿಲ್ಲ ಅಂದ. ಅವನ ಹತ್ತಿರ ಇರುವುದು ಮೇಫೀಲ್ಡ್‌ನ 6ನೇ ನಂಬರಿನದ್ದು, ಗ್ಯಾರೆಟ್‌ನ 95 ನಂಬರಿನದ್ದು, ಎರಡೇ.

ಯಜಮಾನರೇ, ನಿಮ್ಮ ತಂದೆಯವರ ಮಾತನ್ನೂ ಅವನಿಗೆ ಓದಿ ಹೇಳಿದೆ. ಅಲ್ಲಿ ಅವನ ಪಕ್ಕದ ಮನೆಯ ಮುದುಕರು 1995ರ ಕೊನೇ ಪಂದ್ಯಕ್ಕೆ ಹೋಗಿದ್ದವರಂತೆ, ಕಿತ್ತ ಬೆಂಚಿನ ಒಂದು ಹಲಗೆ ತುಂಡು ಇನ್ನೂ ಅವರ ಗ್ಯಾರೇಜ್‌ನಲ್ಲಿ ಇದೆಯಂತೆ. ಫೋಟೊ ಕಳಿಸು ಅಂದಿದ್ದೇನೆ, ಬಂದರೆ ಇಲ್ಲೇ ಹಾಕುತ್ತೇನೆ.

ಸೆಪ್ಟೆಂಬರ್‌ನಲ್ಲಿ ಭಾನುವಾರದ ಪಂದ್ಯಗಳು ನಮಗೆ ರಾತ್ರಿ ಹತ್ತೂವರೆಗೆ ಶುರು. ಮೊದಲ ಪಂದ್ಯಕ್ಕೆ ನಮ್ಮ ಮನೆಗೇ ಬನ್ನಿ, ದುರ್ಗದ ಅಣ್ಣನೂ ಸೇರಿ. ಅಮ್ಮ ಮಂಡಕ್ಕಿ, ಮಿರ್ಚಿ ಮಾಡುತ್ತಾರೆ. ಅಕ್ಕಾ, ನೀವೂ ಒಂದು ಸಲ ಬರಬೇಕು, ಬ್ರೌನ್ಸ್ ಬೇಡ ಅಂದರೆ ಪ್ಯಾಕರ್ಸ್ ಪಂದ್ಯ ಹಾಕೋಣ.