ನೊಮ್ ಪೆನ್ ನಗರಾಡಳಿತ ಹೇಗೆ ನಡೆಯುತ್ತೆ?

ಪ್ರಶ್ನೆ (ಚಿಕ್ಕಮಗಳೂರು): ಡಿಗ್ರಿ ಮಕ್ಕಳಿಗೆ ಕಾಂಬೋಡಿಯಾ ಪಾಠ ಇದೆ. ನೊಮ್ ಪೆನ್ ರಾಜಧಾನಿ ಆಗಿದ್ದು ಯಾವಾಗ? ನಮ್ಮ ನಗರಸಭೆ ಥರ ವಾರ್ಡ್ ಚುನಾವಣೆ ಇದೆಯಾ?

ಮಲ್ನಾಡಿಗ: ಎರಡು ಘಟ್ಟ ಇದೆ ಸರ್, ಬೆರೆಸಬೇಡಿ. 15ನೇ ಶತಮಾನದಲ್ಲಿ ದೊರೆ ಪೊನ್ಹಿಯಾ ಯಾಟ್ ಹಳೆ ರಾಜಧಾನಿ ಅಂಗ್ಕೋರ್ ಬಿಟ್ಟು ಇಲ್ಲಿಗೆ ಬಂದ. ಆಮೇಲೆ ರಾಜಧಾನಿ ಲಾಂಗ್ವೆಕ್, ಔಡಾಂಗ್ ಅಂತ ಅಲೆದಾಡಿತು. ನೆಲೆ ನಿಂತಿದ್ದು 1866ರಲ್ಲಿ, ದೊರೆ ನೊರೊದಮ್ ಕಾಲಕ್ಕೆ, ಫ್ರೆಂಚರ ಆಶ್ರಯದಲ್ಲಿ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ (ಪೊಲ್ ಪಾಟ್‌ನ ಕಮ್ಯುನಿಸ್ಟ್ ಪಡೆ) ಇಡೀ ಊರನ್ನೇ ಖಾಲಿ ಮಾಡಿಸಿತು; ಅದನ್ನು ದಯವಿಟ್ಟು ಬಿಡಬೇಡಿ.

ಹೇಮಾವತಿ (ಹಾಸನ): ಆಡಳಿತ ಮೂರು ಹಂತ. ಮೇಲೆ ಇಡೀ ಊರು, ಅದರೊಳಗೆ 14 ಖಾನ್ (ಜಿಲ್ಲೆ ಥರ), ಅವುಗಳ ಕೆಳಗೆ ಒಟ್ಟು 105 ಸಂಗ್ಕಾತ್ (ನಮ್ಮ ವಾರ್ಡ್ ಥರ). ಜನ ನೇರ ಮತ ಹಾಕೋದು ಸಂಗ್ಕಾತ್ ಮಂಡಳಿಗೆ ಮಾತ್ರ, ಐದು ವರ್ಷಕ್ಕೊಮ್ಮೆ. ಮೇಲಿನ ಮಂಡಳಿಗಳನ್ನು ಆ ಸದಸ್ಯರೇ ಆರಿಸ್ತಾರೆ. ಗವರ್ನರ್ ಮಾತ್ರ ಸರ್ಕಾರದ ನೇಮಕ, ನಿಜವಾದ ಅಧಿಕಾರವೂ ಅವರದೇ.

ಮಲ್ನಾಡಿಗ: ಊರಿನ ಮುಂದೆ ಹರಿಯೋ ತೊನ್ಲೆ ಸಾಪ್ ನದಿ ಮಳೆಗಾಲದಲ್ಲಿ ಮೆಕಾಂಗ್ ನದಿಯ ಒತ್ತಡಕ್ಕೆ ಹಿಮ್ಮುಖ ಹರಿಯುತ್ತೆ. ಮಳೆನೀರು ಹಿಡಿದಿಡುತ್ತಿದ್ದ ಊರೊಳಗಿನ ಬೊಯುಂಗ್ ಕಾಕ್ ಕೆರೆಗೆ 2008ರಿಂದ ಮರಳು ತುಂಬಿದರು. ಸಾವಿರಾರು ಕುಟುಂಬ ಎತ್ತಂಗಡಿ ಆದವು, ಮಳೆನೀರಿಗೆ ಜಾಗವೂ ಹೋಯ್ತು.