ಉಪ್ಪುನೀರಿನ ತೊಟ್ಟಿಯಲ್ಲಿ ಸೋಡಾದಂಥ ಗುಳ್ಳೆ: ನಿಮ್ಮಲ್ಲಿ ಹೇಗೆ ನಿಂತಿತು?

ವಿಜಯನಗರದಿಂದ ಪ್ರಶ್ನೆ:
ನಾಲ್ಕು ಅಡಿಯ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಎರಡು ತಿಂಗಳಾಯಿತು. ಪೈಪ್ ಕೆಲಸ ನಾನೇ ಮಾಡಿದ್ದು. ಪಂಪ್‌ನಿಂದ ನೀರು ಮರಳಿ ಬೀಳುವ ಬಾಯಿಯಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸದಾ ಹೊಮ್ಮುತ್ತವೆ. ಲೈಟು ಹಾಕಿದರೆ ಸೋಡಾ ಒಡೆದಂತೆ ಕಾಣುತ್ತದೆ. ಕೆಳಗೆ ಅಡ್ಡಗಾಜು ಹಾಕಿ ಕೋಣೆಗಳಾಗಿಸಿದ ಇನ್ನೊಂದು ತೊಟ್ಟಿಯಿದೆ, ಅದೇ ಸಂಪ್. ಮೇಲಿನ ನೀರು ಅದಕ್ಕಿಳಿದು ಪಂಪ್ ಮೂಲಕ ಮರಳುತ್ತದೆ. ಆ ಸಂಪ್‌ನಲ್ಲಿ ಸ್ಪಂಜು ತುರುಕಿದೆ. ಎರಡು ದಿನ ಕಡಿಮೆಯಾಗಿ ಮತ್ತೆ ಅದೇ ಕಥೆ. ಪಾರಾದವರು ಏನು ಮಾಡಿದಿರಿ?

ಬಸವನಗುಡಿಯಿಂದ:
ಈ ಗುಳ್ಳೆಗಳ ಹಿಂದೆ ನಾನು ಐದು ವಾರ ಅಲೆದಿದ್ದೇನೆ. ಮೊದಲು ಪ್ಲಂಬರನ್ನು ಕರೆಸಿದೆ. ‘ಸಂಪ್‌ನಿಂದ ಗುಳ್ಳೆ ಬರುತ್ತಿದೆ’ ಎಂದ ಕೂಡಲೇ ಅವರು ಗೇಟಿನ ಬಳಿ ಹೋಗಿ ಕಬ್ಬಿಣದ ಮುಚ್ಚಳ ಎತ್ತಿದರು. ಬೆಂಗಳೂರಿನಲ್ಲಿ ಸಂಪ್ ಎಂದರೆ ಅದೇ ತಾನೇ!

ಸ್ಪಂಜನ್ನು ತೆಗೆದುಬಿಡಿ ಸರ್. ಅದಕ್ಕೆ ಕಸ ಕಟ್ಟಿಕೊಂಡಂತೆ ಪಂಪ್ ಇರುವ ಕೋಣೆಗೆ ನೀರು ಬರುವುದು ನಿಧಾನವಾಗಿ ಅಲ್ಲಿನ ಮಟ್ಟ ಇಳಿಯುತ್ತದೆ, ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಮೂರನೆಯ ದಿನ ಗುಳ್ಳೆ ಮರಳಿದ್ದು ಅದಕ್ಕೇ ಇರಬೇಕು.

ಸಿಹಿನೀರಿನಲ್ಲಿ ಚಿಕ್ಕ ಗುಳ್ಳೆಗಳು ಕೂಡಿಕೊಂಡು ದಪ್ಪವಾಗಿ, ಬೇಗ ಮೇಲೇರಿ ಒಡೆಯುತ್ತವೆ. ಉಪ್ಪು ಹಾಗೆ ಕೂಡಲು ಬಿಡುವುದಿಲ್ಲ. ಚಿಕ್ಕದು ಚಿಕ್ಕದಾಗಿಯೇ ಉಳಿದು ಹರಿವಿನ ಜೊತೆ ಸಾಗುತ್ತದೆ, ಪಂಪ್‌ನ ರೆಕ್ಕೆಗೆ ಸಿಕ್ಕಿ ಇನ್ನಷ್ಟು ಪುಡಿಯಾಗುತ್ತದೆ. ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ಹುಡುಕದೆ ಬೇರೆ ದಾರಿಯಿಲ್ಲ.

ಸ್ಕಿಮ್ಮರನ್ನು (ಗುಳ್ಳೆಯಿಂದ ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಎರಡು ಗಂಟೆ ಆರಿಸಿ ನೋಡಿ. ಗುಳ್ಳೆ ನಿಂತರೆ ಕಳ್ಳ ಅದೇ. ಹೊಸದು ಕೆಲವು ದಿನ ಹೀಗೆ ಉಗುಳುವುದುಂಟು. ನಿಲ್ಲದಿದ್ದರೆ ಪಂಪ್ ಬಾಯಿಯ ಮೇಲೆ ಸುಳಿ ಏಳುತ್ತಿದೆಯೇ ನೋಡಿ. ತೊಟ್ಟಿಯಲ್ಲಿ ನೀರು ಆವಿಯಾದಷ್ಟೂ ಮಟ್ಟ ಇಳಿಯುವುದು ಆ ಕೋಣೆಯಲ್ಲಿ. ಏಪ್ರಿಲ್ ತಿಂಗಳಲ್ಲಿ, ಅದರಲ್ಲೂ ಫ್ಯಾನ್ ಇಟ್ಟಿದ್ದರೆ, ಬೆಳಗಿನ ಮಟ್ಟ ಸಂಜೆಗೆ ಇರುವುದಿಲ್ಲ. ತುಂಬಿಸುವಾಗ ಆರ್‌ಒ ನೀರು ಹಾಕಿ, ಉಪ್ಪುನೀರಲ್ಲ. ಉಪ್ಪು ಆವಿಯಾಗಿ ಹೋಗಿರುವುದಿಲ್ಲ.

ನನ್ನ ತೊಂದರೆ ಇವೆರಡೂ ಆಗಿರಲಿಲ್ಲ. ನನ್ನ ಪಂಪ್ ಸಂಪ್‌ನ ಹೊರಗಿದೆ. ಎರಡರ ನಡುವಿನ ಪೈಪನ್ನು ಬಿಚ್ಚಿ ಜೋಡಿಸಲು ಹಾಕಿದ ತಿರುಗಿಸುವ ಜೋಡಣೆ, ಅಂದರೆ ಯೂನಿಯನ್‌ನಿಂದ ಹನಿ ಸೋರಿದ್ದನ್ನು ಕಂಡಿರಲಿಲ್ಲ, ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ಆದರೆ ಪಂಪ್ ಓಡುತ್ತಿರುವಾಗ ಹೀರುವ ಬದಿಯ ಸಡಿಲ ಸಂದು ನೀರನ್ನು ಹೊರಬಿಡುವ ಬದಲು ಗಾಳಿಯನ್ನು ಒಳಗೆಳೆಯುತ್ತದೆ. ಅದರ ಅಂಚಿನಲ್ಲಿ ಬೆರಳ ಉಗುರಿನಷ್ಟು ಬಿಳಿಯ ಉಪ್ಪಿನ ಪಕ್ಕು ಕಟ್ಟುತ್ತಿತ್ತು. ಪ್ರತಿ ಭಾನುವಾರ ನಾನೇ ಅದನ್ನು ಒರೆಸಿ ಹಾಕುತ್ತಿದ್ದೆ! ಪಂಪ್ ನಿಲ್ಲಿಸಿದಾಗಲೆಲ್ಲ ಒಸರಿದ ನೀರು ಒಣಗಿ ಉಳಿದ ಗುರುತು ಅದು.

ಊದುಬತ್ತಿ ಹಿಡಿದು ನೋಡಿ ಎಂದರು ಮಿತ್ರರೊಬ್ಬರು. ಹೊಗೆ ಸೀದಾ ನನ್ನ ಕಣ್ಣಿಗೇ ಬಂತು. ಕೊನೆಗೆ ಶೇವಿಂಗ್ ಫೋಮ್ ಬಳಿದೆ. ಎಲ್ಲೆಡೆ ಉಬ್ಬಿ ನಿಂತ ನೊರೆ ಒಂದು ಕಡೆ ಮಾತ್ರ ನೋಡನೋಡುತ್ತಿದ್ದಂತೆ ಗುಳಿಬಿದ್ದು ಒಳಗೆ ಸರಿಯಿತು. ಬಿಚ್ಚಿದರೆ ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಅಡಿಯಲ್ಲಿ, ಪೈಪ್ ಕೊಯ್ದಾಗ ಎದ್ದ ಪಿವಿಸಿ ಸಿಬಿರು. ತೊಳೆದು, ಸಿಲಿಕೋನ್ ಗ್ರೀಸ್ ಸವರಿ, ಕೈಯಿಂದಲೇ ಬಿಗಿ ಮಾಡಿದೆ. ರಾತ್ರಿ ಊಟದ ಹೊತ್ತಿಗೆ ನೀರು ತಿಳಿಯಾಗಿತ್ತು.

ಯಲಹಂಕದಿಂದ:
ಮೇಲಿನಿಂದ ನೀರಿಳಿಯುವ ಪೈಪಿನ ತುದಿಯನ್ನೂ ನೋಡಿ. ನನ್ನದು ಸಂಪ್‌ನ ನೀರಿನ ಮೇಲೆ ಧೊಪ್ಪನೆ ಬೀಳುತ್ತಿತ್ತು. ಆರು ಇಂಚು ಮುಳುಗಿಸಿದೆ, ಒಳಗೆ ಸಿಕ್ಕಿಕೊಂಡ ಗಾಳಿ ಗೊಳಗೊಳ ಎನ್ನತೊಡಗಿತು. ಒಂದಿಂಚಿಗೆ ತಂದ ಮೇಲೆ ಸುಮ್ಮನಾಯಿತು. ಅಡ್ಡಗಾಜುಗಳ ನಡುವಿನ ಸಂದು ತೀರ ಕಿರಿದಾಗಿದ್ದರೂ ನೀರು ರಭಸವಾಗಿ ನುಗ್ಗಿ ಗುಳ್ಳೆಯನ್ನು ಹೊತ್ತೊಯ್ಯುತ್ತದೆ.

ಜಯನಗರದಿಂದ:
ಕರೆಂಟ್ ಹೋಗಿ ಬಂದ ಮೇಲೆ ಮೊದಲ ಕೆಲವು ನಿಮಿಷ ಗುಳ್ಳೆ ಬರುವುದು ಸಹಜ, ಪೈಪಿನಲ್ಲಿದ್ದ ಗಾಳಿ ಅದು. ನಾನು ಗಾಬರಿಯಿಂದ ಎಲ್ಲವನ್ನೂ ಬಿಚ್ಚಿಟ್ಟಿದ್ದೆ. ಇನ್ನೊಂದು, ಸಂಪ್‌ನ ಮಟ್ಟ ಏರಿಸುವ ಮೊದಲು ಪಂಪ್ ಆರಿಸಿ, ಮೇಲಿನಿಂದ ಇಳಿದು ಬರುವ ನೀರಿಗೆ ಜಾಗ ಉಳಿದಿದೆಯೇ ನೋಡಿಕೊಳ್ಳಿ. ನಾನು ನೋಡಿಕೊಳ್ಳದೆ ನಡುರಾತ್ರಿ ಹಾಲ್ ಒರೆಸಿದ್ದೇನೆ.

ವಿಜಯನಗರದಿಂದ ಮತ್ತೆ:
ಸ್ಪಂಜು ತೆಗೆದೆ. ನನ್ನ ಪಂಪ್ ಸಂಪ್‌ನೊಳಗೇ ಇದೆ. ಅದರ ಮೇಲೆ ಎರಡು ಬೆರಳಿನಷ್ಟೇ ನೀರಿತ್ತು, ಸುಳಿ ಕಣ್ಣಿಗೇ ಕಂಡಿತು. ಪಂಪ್ ಆರಿಸಿ ಜಾಗ ನೋಡಿಕೊಂಡು ಮೂರು ಇಂಚು ಏರಿಸಿದೆ. ಮುಕ್ಕಾಲು ಪಾಲು ಗುಳ್ಳೆ ಹೋಗಿದೆ. ಉಳಿದದ್ದು ಸ್ಕಿಮ್ಮರ್ ಆರಿಸಿದಾಗ ನಿಲ್ಲುತ್ತದೆ. ಅದನ್ನು ಕೊಂಡು ಇನ್ನೂ ಐದು ದಿನವಾಗಿದೆ, ಕಾಯುತ್ತೇನೆ.